ಹಸಿದ ಅಂಗಿ ಹೊಲಿಯದ ಕಸ್ತೂರಿಬಾಯಿ

ತೊಗರಿ ರಾಶಿ ಮುಗಿದಿದೆ. ಅಂಗಳದ ಮೂಲೆಯಲ್ಲಿ ತೊಗರಿ ಕಟ್ಟಿಗೆಯ ಹೊರೆ ಹೊಸದಾಗಿ ಬಂದು ಬಿದ್ದಿದೆ. ಕಮಲಾಪುರದ ಮುಂಜಾನೆಯ ಚಳಿ ಮಾತ್ರ ಇನ್ನೂ ಜಾಗ ಬಿಟ್ಟಿಲ್ಲ. ಒಲೆಯ ಮೇಲೆ ನೀರಿಟ್ಟು, ಬಿಸಿಲು ಮೊದಲು ಬೀಳುವ ಕಟ್ಟೆಯ ತುದಿಗೆ ಬಂದ ಕಸ್ತೂರಿಬಾಯಿ ಕಾಲು ಚಾಚಿ ಕೂತು, ಮಡಿಲಿಗೆ ಒಂದು ಅಂಗಿಯನ್ನು ಎಳೆದುಕೊಳ್ಳುತ್ತಾರೆ. ಅದು ಮೊಳಕಾಲಿನವರೆಗೆ ಬರುತ್ತದೆ. ಕೌದಿಯ ಹಾಗೆ ಹಳೆ ಬಟ್ಟೆಯನ್ನು ಪದರ ಪದರವಾಗಿ ಇಟ್ಟು ಹೊಲಿದದ್ದು. ಎತ್ತಿಕೊಂಡರೆ ವರ್ಷದ ಕೂಸಿನಷ್ಟು ಭಾರ. ಅದರ ಎಡಗಡೆಯ ಕೆಳಮೂಲೆಯನ್ನು ಯಾರೋ ಕಚ್ಚಿ ಕಿತ್ತಂತಿದೆ.

"ಯಾರೋ ಏನ್ ಬಂತು, ಇಲಿ," ಎನ್ನುತ್ತಾರೆ ಕಸ್ತೂರಿಬಾಯಿ, ಸೂಜಿಗೆ ದಾರ ಪೋಣಿಸುತ್ತ. "ತಪ್ಪು ಇಲಿದೂ ಅಲ್ರಿ. ಕರೆದು ಊಟಕ್ಕಿಟ್ಟಾಕಿ ನಾನ."

ಬರುವ ಭಾನುವಾರ ಹನ್ನೆರಡು ಮಂದಿ ಇಂಥ ಹನ್ನೆರಡು ಅಂಗಿ ತೊಟ್ಟು, ಕೈಯಲ್ಲಿ ಈಟಿ, ಗುರಾಣಿ ಹಿಡಿದು ಕಲಬುರಗಿ ಕೋಟೆಯೊಳಗೆ ಹಳೆ ಕಾಲದ ಪಹರೆಯವರಂತೆ ನಡೆಯಬೇಕಾಗಿದೆ. ಬ್ಯಾಂಕಿನವರು, ಮಾಸ್ತರರು, ಔಷಧದಂಗಡಿಯವರು ಸೇರಿ ಕಟ್ಟಿಕೊಂಡ 'ಕೋಟೆ ಬಳಗ' ಅದು. ರಜೆಯ ದಿನ ಸುಲ್ತಾನರ ಕಾಲದ ಸಿಪಾಯಿಗಳಾಗುವುದು ಅವರ ಹುಚ್ಚು. ಲೋಹದ ಕವಚ ಸಿಗದ ಕಾಲಾಳು ಆಗ ಹತ್ತಿಬಟ್ಟೆಯ ದಪ್ಪ ಅಂಗಿಯನ್ನೇ ತೊಟ್ಟು ಯುದ್ಧಕ್ಕೆ ಹೋಗುತ್ತಿದ್ದ ಎಂದು ಬಲ್ಲವರು ಹೇಳುತ್ತಾರೆ. ಆ ಅಂಗಿಯನ್ನು ಈಗ ಕೈಯಿಂದ ಹೊಲಿದು ಕೊಡುತ್ತಿರುವವರು ಕಸ್ತೂರಿಬಾಯಿ ಮತ್ತು ಅವರ ಪಕ್ಕದ ಮನೆಯ ನೂರಜಹಾನ್. ಕೋಟೆಯಲ್ಲಿ ಫೋಟೊ ಹೊಡೆದುಕೊಳ್ಳುವ ಜನರಿಗೆ ಈ ಇಬ್ಬರು ಇದ್ದಾರೆಂಬುದೇ ಗೊತ್ತಿಲ್ಲ.

ಮಹಾಗಾಂವದಿಂದ ಸೊಸೆಯಾಗಿ ಬಂದಾಗ ಕಸ್ತೂರಿಬಾಯಿಗೆ ಗುಂಡಿ ಹಚ್ಚಲೂ ಬರುತ್ತಿರಲಿಲ್ಲ. ಕೌದಿ ಕಲಿಸಿದ್ದು ಅತ್ತೆ ರಮಾಬಾಯಿ. ಹಗಲು ಹೊಲದ ಕೂಲಿ, ಕೂಲಿ ಇಲ್ಲದ ದಿನ ಸೂಜಿ. ಅತ್ತೆ ತೀರಿಕೊಂಡು ಬಹಳ ವರ್ಷವಾದರೂ ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರ ಪಟಗಳ ಕೆಳಗೆ ಅವರ ಸಣ್ಣ ಫೋಟೊ ಇದೆ. ಕಸ್ತೂರಿಬಾಯಿ ಮಾತಿನ ನಡುವೆ ಆಗಾಗ ಅತ್ತ ನೋಡುತ್ತಾರೆ, ಸರಿಯಾಗಿ ಹೇಳುತ್ತಿದ್ದೇನೋ ಇಲ್ಲವೋ ಎಂದು ಕೇಳುವವರ ಹಾಗೆ.

ಎರಡು ವರ್ಷದ ಹಿಂದೆ ಜೇವರ್ಗಿ ಕಾಲೋನಿಯ ಪ್ರೇಮಕುಮಾರ ಕೆಂಪು ಬಾಳೆಹಣ್ಣು ಒಯ್ಯಲು ಕಮಲಾಪುರಕ್ಕೆ ಬಂದಿದ್ದರು. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ಅವರೇ ಕೋಟೆ ಬಳಗದ ಮುಂದಾಳು. ಆಗ ಅವರ ಬಳಗ ತೊಡುತ್ತಿದ್ದುದು ಸ್ಪಂಜು ತುಂಬಿ ಮಶೀನಿನಲ್ಲಿ ಹೊಲಿಸಿದ ಅಂಗಿ. ಕೋಟೆ ನೋಡಲು ಬಂದ ಹುಡುಗರು "ಗಾದಿ ಬಂತು, ಗಾದಿ!" ಎಂದು ಹಿಂದೆ ಬೀಳುತ್ತಿದ್ದರಂತೆ. ಬಾಳೆತೋಟದಲ್ಲಿ ದುಡಿಯುವ ದೇವಿಂದ್ರಪ್ಪನ ಮನೆ ಮುಂದೆ ಹಗ್ಗದ ಮೇಲೆ ಒಣಗುತ್ತಿದ್ದ ಕೌದಿಯನ್ನು ಮುಟ್ಟಿ ನೋಡಿದ ಮಾಸ್ತರರು ಅಲ್ಲೇ ನಿಂತುಬಿಟ್ಟರು. ದೇವಿಂದ್ರಪ್ಪನ ಹೆಂಡತಿಯೇ ಕಸ್ತೂರಿಬಾಯಿ.

"ಕೌದಿಗೆ ತೋಳು ಹಚ್ಚಿ ಕೊಡ್ತೀರೇನ್ರಿ, ಆಯಿ ಅಂದ್ರು. ಇಂವಗ ಬಿಸಿಲು ನೆತ್ತಿಗೇರಿರಬೇಕು ಅನ್ಕೊಂಡೆ," ಎಂದು ನಗುತ್ತಾರೆ ಅವರು.

ತೋಳು ಹಚ್ಚುವುದು ನೂರಜಹಾನರಿಂದ ಸಾಧ್ಯವಾಯಿತು. ಅವರ ತಂದೆ ದರ್ಜಿ. ಬಟ್ಟೆಯನ್ನು ಕತ್ತರಿಸುವ ಕೈ ಅವರಿಗೆ ಅಪ್ಪನಿಂದ ಬಂದದ್ದು. ಕತ್ತರಿಸಿದ್ದನ್ನು ಪದರ ಕೂಡಿಸಿ, ಅಂಚಿನಿಂದ ಸಾಲು ಹಿಡಿದು ಒಳಗೆ ಒಳಗೆ ಹೊಲಿಯುತ್ತ ಬರುವುದು ಕಸ್ತೂರಿಬಾಯಿಯ ಪಾಲು. ಒಂದು ಅಂಗಿಗೆ ಇಬ್ಬರ ಮೂರು ವಾರ ಹೋಗುತ್ತದೆ. ಅದಕ್ಕಿಂತ ಕಷ್ಟ ಬಟ್ಟೆ ಹುಡುಕುವುದು. ಪಾಲಿಸ್ಟರ್ ಒಂದು ಎಳೆಯೂ ಬೇಡ ಎಂಬುದು ಮಾಸ್ತರರ ಹಟ. "ಈಗಿನ ಸೀರಿ ಎಲ್ಲಾ ಜಾರತಾವ್ರಿ. ಹತ್ತೀದು ಬೇಕಂದ್ರ ಮುದುಕರ ಧೋತರ ಹುಡಕ್ಕೋತ ಹೋಗಬೇಕು. ಕೇಳಿದ್ರ, ಇನ್ನಾ ಸತ್ತಿಲ್ಲ ತಡಿ ಅಂತಾರ," ಎನ್ನುತ್ತಾರೆ ನೂರಜಹಾನ್.

ಮೊದಲ ಅಂಗಿಯನ್ನು ಮಾಸ್ತರರು ಇವರ ಬೇವಿನ ಮರಕ್ಕೇ ತೂಗುಹಾಕಿ ಬಿದಿರಿನ ಬಾಣದಿಂದ ಹೊಡೆದು ನೋಡಿದರು. ಬಾಣ ಅರ್ಧದಷ್ಟು ಪದರಗಳಲ್ಲೇ ಸಿಕ್ಕಿ ಜೋತುಬಿತ್ತು. ಬಳಗದವರು ಚಪ್ಪಾಳೆ ತಟ್ಟುತ್ತಿದ್ದರೆ ಕಸ್ತೂರಿಬಾಯಿ ಓಡಿಹೋಗಿ ಬಾಣ ಕಿತ್ತು, ತೂತಿನ ಮೇಲೆ ಅಂಗೈ ಇಟ್ಟು ನಿಂತರು. "ಹೊಲ್ದು ಕೊಟ್ಟಾಕಿ ಕಣ್ಣ ಮುಂದ ಹೊಡೀತಾರೇನ್ರಿ?" ಎಂದು ಈಗಲೂ ಕೇಳುತ್ತಾರೆ. ಆ ತೂತಿಗೆ ಹಾಕಿದ ಹೊಲಿಗೆ ಇವತ್ತಿಗೂ ಆ ಅಂಗಿಯ ಎದೆಯ ಮೇಲಿದೆ.

ಇಲಿಯ ಕಥೆ ಶುರುವಾಗುವುದು ಅತ್ತೆಯ ಪದ್ಧತಿಯಿಂದ. ರಮಾಬಾಯಿ ಯಾವ ಕೌದಿ ಮುಗಿಸಿದರೂ ಕೊನೆಯ ಮೂಲೆ ಮುಚ್ಚುವ ಮೊದಲು ಅದರೊಳಗೆ ಒಂದು ಚೂರು ಜೋಳದ ರೊಟ್ಟಿ, ಒಂದು ಹರಳು ಬೆಲ್ಲ ಇಟ್ಟು ಹೊಲಿಯುತ್ತಿದ್ದರು. ಅದು ಕೌದಿಯ ತುತ್ತು. ಹೊಟ್ಟೆ ತುಂಬದ ಕೌದಿ ಹೊದ್ದವರನ್ನು ಹೇಗೆ ಬೆಚ್ಚಗಿಟ್ಟೀತು ಎಂಬುದು ಅವರ ಮಾತು. ಮನೆಯಲ್ಲಿ ದಿನಾ ಹೊದೆಯುವ, ಕೊಡವುವ, ಬಿಸಿಲಿಗೆ ಹಾಕುವ ಕೌದಿಯಲ್ಲಿ ಆ ತುತ್ತು ಪುಡಿಯಾಗಿ ಹೋಗುತ್ತದೆ. ಕಸ್ತೂರಿಬಾಯಿ ಸಿಪಾಯಿ ಅಂಗಿಗೂ ತುತ್ತಿಟ್ಟರು, ನೂರಜಹಾನರಿಗಲ್ಲದೆ ಬೇರೆ ಯಾರಿಗೂ ಹೇಳಲಿಲ್ಲ. ಹೇಳಬೇಕೆಂದು ಅನಿಸಿರಲೂ ಇಲ್ಲ. ಆದರೆ ಈ ಅಂಗಿಗಳನ್ನು ದಿನಾ ಯಾರು ತೊಡುತ್ತಾರೆ? ಹನ್ನೆರಡೂ ಮಾಸ್ತರರ ಮಾಳಿಗೆಯ ಕೋಣೆಯಲ್ಲಿ ತಿಂಗಳಾನುಗಟ್ಟಲೆ ಮಡಿಸಿಟ್ಟಿದ್ದವು.

ಹೋದ ವಾರ ಮಾಸ್ತರರ ಫೋನು ಬಂತು. "ಆಯಿ, ಇಲಿ ಹನ್ನೆರಡೂ ಅಂಗಿಗೆ ಬಾಯಿ ಹಾಕ್ಯಾವ. ಅದೂ ಒಂದೇ ಮೂಲಿಗೆ. ಬ್ಯಾರೆ ಕಡೆ ಮುಟ್ಟೇ ಇಲ್ಲ. ಇದೇನು ಇಲಿನೋ, ಶಾಣ್ಯಾ ಮನುಷ್ಯಾನೋ?"

ಕಸ್ತೂರಿಬಾಯಿ ಫೋನನ್ನು ಪಕ್ಕಕ್ಕೆ ಚಾಚಿದರು. ಫೋನು ಕೈಗೆ ತೆಗೆದುಕೊಂಡ ನೂರಜಹಾನರೇ ತುತ್ತಿನ ವಿಷಯ ಹೇಳಿದರು. ಒಳಗಿನಿಂದ ದೇವಿಂದ್ರಪ್ಪನ ದನಿ ಬಂತು: "ಬಾಣಾ ತಡೀತು, ಇಲಿ ತಡೀಲಿಲ್ಲೇನು ನಿನ್ನ ಅಂಗಿ?"

ಮರುದಿನ ಮಾಸ್ತರರು ಗಂಟು ಕಟ್ಟಿದ ಅಂಗಿಗಳನ್ನು ಗಾಡಿಯಲ್ಲಿ ಹಾಕಿಕೊಂಡು ತಾವೇ ಬಂದರು. ಬೈಯಲಿಲ್ಲ. ಚಹಾ ಕುಡಿದು, ಮೆಲ್ಲಗೆ ಹೇಳಿದರು: "ಮೂಲಿ ತೇಪಿ ಹಚ್ಚಿ ಕೊಡ್ರಿ. ಆದ್ರ ಇನ್ನ ಮ್ಯಾಲ ಒಳಗ ಏನೂ ಇಡಬ್ಯಾಡ್ರಿ, ಆಯಿ. ಇಟ್ರ ಮುಂದಿನ ಕೆಲಸ ಕೊಡಾಕ ಬಳಗದವರು ಒಪ್ಪಂಗಿಲ್ಲ." ಮುಂದಿನ ಕೆಲಸ ಎಂದರೆ ಕುದುರೆಗೆ ಹೊದಿಸುವ ದೊಡ್ಡ ಜೂಲು. ಅದರ ಆಸೆ ಕಸ್ತೂರಿಬಾಯಿಗೆ ಎಷ್ಟಿತ್ತೆಂದರೆ, ಕುದುರೆ ಸಿಗದೆ ಅಂಗಳದಲ್ಲಿ ಎತ್ತನ್ನು ನಿಲ್ಲಿಸಿ ಅಳತೆ ಹಿಡಿದು ನೋಡಿದ್ದರು.

"ತುತ್ತಿಲ್ದ ನನ್ನ ಕೈ ಮೂಲಿ ಮುಚ್ಚಂಗಿಲ್ಲ, ಮಾಸ್ತರ," ಎಂದರು ಅವರು. "ಬ್ಯಾರೇದವರನ್ನ ನೋಡ್ರಿ."

ಮಾಸ್ತರರು ಅಂಗಿಗಳನ್ನು ಅಲ್ಲೇ ಬಿಟ್ಟು ಹೋದರು. ಎರಡು ದಿನ ಗಂಟು ಬಿಚ್ಚಲಿಲ್ಲ. ಕಸ್ತೂರಿಬಾಯಿ ರೊಟ್ಟಿ ಬಡಿಯುವಾಗ ಅದನ್ನು ನೋಡುತ್ತಿದ್ದರು, ಕಸ ಹೊಡೆಯುವಾಗ ಅದರ ಸುತ್ತ ಹೊಡೆದು ಬರುತ್ತಿದ್ದರು. ನಡುನಡುವೆ ಗೋಡೆಯ ಮೇಲಿನ ಅತ್ತೆಯ ಕಡೆ ತಿರುಗುತ್ತಿದ್ದರು. ಮೂರನೆಯ ದಿನ ನೂರಜಹಾನರ ಜೊತೆ ಉಣ್ಣಲು ಕೂತಾಗ ತುತ್ತು ಬಾಯಿಗೆ ಒಯ್ದ ಕೈ ನಡುವೆಯೇ ನಿಂತಿತು.

"ನೂರಾ, ಕೌದಿಗೆ ಬಾಯಿಲ್ಲ ಅಂತ ನಾವ್ ಒಳಗಿಟ್ಟು ಹೊಲೀತೀವಿ. ಈ ಅಂಗಿಗೆ ಬಾಯಿ ಅದಲ್ಲಾ?"

"ಎಲ್ಲದ?"

"ಹಾಕ್ಕೊಂಡಾಂವಂದು."

ಗಂಟು ಬಿಚ್ಚಿದ್ದು ಆಗ. ಈ ಮುಂಜಾನೆ ಅವರ ಮಡಿಲಲ್ಲಿರುವುದು ಹನ್ನೆರಡನೆಯ ಅಂಗಿ. ಹರಿದ ಅಂಚನ್ನು ಕತ್ತರಿಸಿ, ತೇಪೆ ಕೂಡಿಸಿ, ಖಾಲಿ ಮೂಲೆಯನ್ನು ಮುಚ್ಚಿ, ದಾರವನ್ನು ಹಲ್ಲಿನಿಂದ ಕಡಿಯುತ್ತಾರೆ. ಆಮೇಲೆ ಅಂಗಿಗೇ ಎಂಬಂತೆ ಹೇಳುತ್ತಾರೆ: "ಭಾನುವಾರ ತನಕಾ ತಡ್ಕೋ."

ಭಾನುವಾರ ಹೊತ್ತು ಮೂಡುವಾಗ ಕೋಟೆಯ ಬಾಗಿಲ ಪಕ್ಕದ ಕಲ್ಲಿನ ಮೇಲೆ ಇಬ್ಬರೂ ಕೂತಿದ್ದಾರೆ. ಮುಂದೆ ರೊಟ್ಟಿಯ ಬುಟ್ಟಿ, ಬಟ್ಟೆಯಲ್ಲಿ ಸುತ್ತಿದ ಬೆಲ್ಲ. ಪಕ್ಕದಲ್ಲಿ ಅಂಗಿಗಳ ಗಂಟು. ಗಂಟಿನ ಮೇಲೆ ನೂರಜಹಾನರ ಒಂದು ಕೈ, ಕಾವಲಿಗೆ ಇಟ್ಟ ಹಾಗೆ. ಬಳಗದವರು ಒಬ್ಬೊಬ್ಬರೇ ಬರುತ್ತಾರೆ. ಕಸ್ತೂರಿಬಾಯಿ ಅಂಗಿ ತೊಡಿಸುತ್ತಾರೆ, ಆದರೆ ಕಸೆ ಕಟ್ಟಿಕೊಳ್ಳಲು ಬಿಡುವುದಿಲ್ಲ.

"ಮೊದ್ಲು ಬಾಯಿ ತೆರೀ."

"ಈಗ ನಾಷ್ಟಾ ಆಗೇದ, ಆಯಿ," ಎನ್ನುತ್ತಾರೆ ಔಷಧದಂಗಡಿಯ ಚಂದ್ರಶಾ.

"ನಿಂದು ಆಗೇದಪ್ಪಾ. ಅಂಗೀದು ಆಗಿಲ್ಲ."

ಚಂದ್ರಶಾ ಬಾಯಿ ತೆರೆಯುತ್ತಾರೆ. ಒಂದು ಚೂರು ರೊಟ್ಟಿ, ಒಂದು ಹರಳು ಬೆಲ್ಲ. ಅವರು ನುಂಗುವವರೆಗೂ ನೋಡಿ, ಕಸ್ತೂರಿಬಾಯಿ ತಾವೇ ಕಸೆ ಕಟ್ಟಿ, ಬೆನ್ನ ಮೇಲೆ ಅಂಗೈಯಿಂದ ಒಮ್ಮೆ ತಟ್ಟುತ್ತಾರೆ. ಆ ಮೇಲೆ ಮುಂದಿನವರು. ತಲೆ ನರೆತ ಬ್ಯಾಂಕಿನ ಅಧಿಕಾರಿಯೂ ಮೀಸೆ ಒರೆಸಿಕೊಂಡು ಸಾಲಿನಲ್ಲಿ ನಿಂತಿದ್ದಾರೆ. ಪ್ರೇಮಕುಮಾರ ದೂರದಿಂದ ನೋಡುತ್ತ ನಿಂತವರು ಕೊನೆಗೆ ಬಂದರು. ತಿಂದರು. ತಿಂದು ಮತ್ತೆ ಬಾಯಿ ತೆರೆದರು.

"ಒಂದ್ ಅಂಗಿಗೆ ಒಂದ ತುತ್ತು, ಮಾಸ್ತರ."

"ಇದು ಬಾಣಾ ತಿಂದ ಅಂಗಿ, ಆಯಿ. ಇದಕ್ಕ ಹಸಿವಿ ಜಾಸ್ತಿ."

ಕಸ್ತೂರಿಬಾಯಿ ಅವರ ಎದೆಯ ಮೇಲಿನ ಹಳೆ ಹೊಲಿಗೆಯನ್ನು ಮುಟ್ಟಿ ನೋಡಿ, ಇನ್ನೊಂದು ಚೂರು ಮುರಿದು ಕೊಟ್ಟರು. ಕಸೆ ಕಟ್ಟಿಸಿಕೊಳ್ಳುತ್ತ ಮಾಸ್ತರರು ಕೇಳಿದರು: "ಜೂಲು ಹೊಲ್ದ ಮ್ಯಾಲ ಕುದುರಿಗೆ ಏನ್ ತಿನ್ನಸ್ತೀರಿ?"

"ಕಡ್ಲಿ. ಮತ್ತೇನು?" ಎಂದರು ಕಸ್ತೂರಿಬಾಯಿ. ಅಷ್ಟರಲ್ಲೇ ಜೂಲಿನ ಕೆಲಸ ಅವರಿಗೇ ಎಂದು ಮಾತು ಮುಗಿದಿತ್ತು.

ಒಂದು ಅಂಗಿ ಉಳಿಯಿತು. ಅದನ್ನು ತೊಡಬೇಕಾದ ಸಾಯಿಕುಮಾರ ಜ್ವರ ಬಂದು ಮನೆಯಲ್ಲಿ ಮಲಗಿದ್ದರು. ಹನ್ನೊಂದು ಮಂದಿ ಈಟಿ ಹಿಡಿದು ಕೋಟೆಯೊಳಗೆ ನಡೆದರು. ಈ ಸಲ ಹುಡುಗರು ಗಾದಿ ಎನ್ನಲಿಲ್ಲ, ಹತ್ತಿರ ಬಂದು ಅಂಗಿಯನ್ನು ಮುಟ್ಟಿ ನೋಡುತ್ತ ಜೊತೆಗೆ ನಡೆದರು. ಕಸ್ತೂರಿಬಾಯಿ ಒಳಗೆ ಹೋಗಲೇ ಇಲ್ಲ. ಉಳಿದ ಅಂಗಿಯ ಪಕ್ಕದಲ್ಲೇ ಕೂತಿದ್ದರು.

ಸಂಜೆ ಮಾಸ್ತರರು ಅದನ್ನೂ ಕೇಳಿದಾಗ ಕೊಡಲಿಲ್ಲ. "ಜ್ವರಾ ಬಿಟ್ಟ ಮ್ಯಾಲ ಅವನಿಗೆ ಕಮಲಾಪುರಕ್ಕ ಬಂದು ಹೋಗು ಅನ್ರಿ. ಅವನ್ದೊಂದು ತುತ್ತು ನನ್ನ ಮ್ಯಾಲ ಬಾಕಿ ಅದ."

ಕಮಲಾಪುರದ ಬಸ್ಸಿನಲ್ಲಿ ಕಿಟಕಿಯ ಗಾಜು ಮುಚ್ಚುವುದಿಲ್ಲ. ಊರು ದಾಟಿದ ಮೇಲೆ ಹೊಲದ ಗಾಳಿ ನೇರ ಮೈಗೆ ಹೊಡೆಯುತ್ತದೆ. ನೂರಜಹಾನ್ ಸೆರಗನ್ನು ಕಿವಿಗೆ ಸುತ್ತಿಕೊಂಡು ಕೂತಿದ್ದಾರೆ. ಕಸ್ತೂರಿಬಾಯಿಯ ಮಡಿಲಲ್ಲಿ ಆ ಅಂಗಿ, ಮಲಗಿದ ಕೂಸಿನ ಹಾಗೆ.

"ಅಕ್ಕಾ, ಥಂಡಿ ಬಾಳ ಅದ. ಅದನ್ನ ಜರಾ ಬಿಚ್ಚು, ಇಬ್ರೂ ಹೊತ್ಕೊಂಡು ಕೂಡೋಣು."

ಕಸ್ತೂರಿಬಾಯಿ ಅಂಗಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು, ತಮ್ಮ ಸೆರಗನ್ನೇ ನೂರಜಹಾನರ ಹೆಗಲಿಗೆ ಹಾಕುತ್ತಾರೆ.

"ಬ್ಯಾಡವ್ವಾ. ಇದಿನ್ನಾ ಉಂಡಿಲ್ಲ."