ಬಾಗಿಲು ತಟ್ಟಿದರೆ ತುರ್ತು ಪರಿಸ್ಥಿತಿ

ಒಂಟಿಕೊಪ್ಪಲಿನ ಆ ಮನೆಯ ಬಾಗಿಲು ತಟ್ಟಿದೊಡನೆ ಒಳಗಿನಿಂದ ಹೆಂಗಸೊಬ್ಬರು ಚೀರಿದರು: "ಪೊಲೀಸ್ನೋರು ಬಂದ್ಬುಟ್ರು ಕಣ್ರೀ! ಹಿತ್ಲಿಂದ ಹೊರಟ್ಹೋಗ್ಬುಡಿ!"

ನಾನು ಬೆದರಿ ನಿಂತೆ. ಸ್ವಲ್ಪ ಹೊತ್ತಿಗೆ ಮನೆಯ ಪಕ್ಕದ ಸಂದಿಯಿಂದ ನಾನು ನೋಡಲು ಬಂದಿದ್ದ ಹಿರಿಯ ಲೇಖಕರೇ ಬರಿಗಾಲಲ್ಲಿ ಬಂದರು. ಕ್ರಾಂತಿಯ ಬಗ್ಗೆ ಅವರು ಬರೆದದ್ದನ್ನೆಲ್ಲ ತೊಂಬತ್ತರ ದಶಕದ ವಿದ್ಯಾರ್ಥಿಗಳಾದ ನಾವು ಬಾಯಿಪಾಠ ಮಾಡಿದ್ದೆವು. ಅಂದು ಅವರನ್ನು ಕಾಲೇಜಿಗೆ ಭಾಷಣಕ್ಕೆ ಕರೆಯಲು ಹೋಗಿದ್ದೆ.

"ನನ್ನ ಹೆಂಡ್ತಿಗೆ ಮರೆವಿನ ಕಾಯಿಲೆ. ಯಾರು ಬಾಗಿಲು ತಟ್ಟಿದ್ರೂ ಅವಳಿಗೆ ತುರ್ತು ಪರಿಸ್ಥಿತೀನೇ. ನಾನು ಹಿತ್ಲಿಗೆ ಹೋಗೋವರೆಗೂ ಚೀರೋದು ನಿಲ್ಲಿಸಲ್ಲ" ಎಂದರು. ಆಮೇಲೆ ನನ್ನ ಮುಖ ನೋಡದೆ ಮೆಲ್ಲಗೆ ಹೇಳಿದರು: "ಆವತ್ತು ಪೊಲೀಸ್ನೋರು ಬಂದಾಗ ನಾನು ನಿಜವಾಗ್ಲೂ ಓಡಿಹೋಗ್ಬುಟ್ಟೆ ಕಣಮ್ಮ. ಏಟೆಲ್ಲ ಅವಳಿಗೆ ಬಿತ್ತು. ಹೊಟ್ಟೇಲಿದ್ದ ಮಗು ಉಳೀಲಿಲ್ಲ."

ಒಳಗೆ ಆಕೆ ಇನ್ನೂ ಬಿಕ್ಕುತ್ತಿದ್ದರು. ನಾನು ಭಾಷಣದ ಮಾತೆತ್ತದೆ ಹಿಂತಿರುಗಿದೆ.

ಮನೆಗೆ ಬಂದವಳೇ ಅವರ ಆತ್ಮಕಥೆ ತೆಗೆದು ಭೂಗತರಾಗಿದ್ದ ದಿನಗಳ ಅಧ್ಯಾಯವನ್ನು ಮತ್ತೊಮ್ಮೆ ಓದಿದೆ. ಪೊಲೀಸರ ಕೈಗೆ ಸಿಗದೆ ಪಾರಾದ ಸಾಹಸ ಎರಡು ಪುಟ ತುಂಬಿತ್ತು. ಹೆಂಡತಿಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಸಿಕ್ಕವರಿಗೆಲ್ಲ ಓದಿ ಎಂದು ಕೊಡುತ್ತಿದ್ದ ಆ ಪುಸ್ತಕವನ್ನು ಮತ್ತೆ ಯಾರಿಗೂ ಕೊಡಲಾಗಲಿಲ್ಲ.