ನೇತ್ರಾ ಡ್ರಾ ಕೇಳಿದ ಆಟ

ಕೂಟಗಲ್‌ನ ನೇತ್ರಾ ಗೆಲ್ಲುವ ಆಟದಲ್ಲಿ ಯಾಕೆ ಡ್ರಾ ಕೇಳಿದಳು ಎಂಬುದರ ಬಗ್ಗೆ ಆರ್ಕುಟ್ ಜಾಲತಾಣದಲ್ಲಿ ಒಂದಷ್ಟು ಗಂಡಸರು ವಾರಗಟ್ಟಲೆ ಚರ್ಚೆ ಮಾಡಿದರು. ಅವರಲ್ಲಿ ಒಬ್ಬರೂ ಅವಳನ್ನು ಕೇಳಲಿಲ್ಲ. ಕಂಪ್ಯೂಟರನ್ನು ಕೇಳಿದರು.

ನೇತ್ರಾ ಹುಟ್ಟಿದ್ದು ಮಾಗಡಿಯಲ್ಲಿ. ಅವಳ ಅಪ್ಪ ಚನ್ನಬಸವಯ್ಯನವರದು ವಿಭೂತಿ, ಕರ್ಪೂರ, ಶಾಲೆಯ ಪುಸ್ತಕ ಮಾರುವ ಸಣ್ಣ ಅಂಗಡಿ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವರಿಗೆ ಚೆಸ್ ಆಡಲು ಜೊತೆ ಬೇಕಿತ್ತು. ಗಂಡುಮಕ್ಕಳು ಬಯಲಿಗೆ ಓಡುತ್ತಿದ್ದರು. ಊಟದ ಕ್ಯಾರಿಯರ್ ತರುವ ಮಗಳು ಕೈಗೆ ಸಿಕ್ಕಳು. ಅಪ್ಪ ಉಣ್ಣುವಷ್ಟು ಹೊತ್ತು ಆಟ. ಅವರು ಕೈ ತೊಳೆದ ಮೇಲೆ ಮಗಳು ಕ್ಯಾರಿಯರ್ ತೊಳೆಯಲು ಮನೆಗೆ ಓಡಬೇಕು. ಹಾಗಾಗಿ ನೇತ್ರಾ ಬೇಗ ಬೇಗ ಯೋಚಿಸುವುದನ್ನು ಕಲಿತಳು. ಹೈಸ್ಕೂಲಿಗೆ ಬರುವಷ್ಟರಲ್ಲಿ ಅಪ್ಪ ಸೋಲತೊಡಗಿದರು. ಕಾಲೇಜಿನಲ್ಲಿ ಆಡಿ ಗೆದ್ದ ಎರಡು ಕಪ್ಪುಗಳು ಮನೆಯ ಗೋಡೆಗೂಡಿನಲ್ಲಿ ದೇವರ ಪಕ್ಕ ಕೂತವು.

ಹೆಣ್ಣು ನೋಡಲು ಬಂದ ಶಶಾಂಕ್ ಆ ಕಪ್ಪುಗಳನ್ನು ನೋಡಿ, "ಚೆಸ್ ಆಡ್ತೀರಾ? ಆಡಿ, ಆಡಿ. ನಂದೇನೂ ಅಡ್ಡಿ ಇಲ್ಲ" ಎಂದಿದ್ದ. ಅಳಿಯ ಎಷ್ಟು ದೊಡ್ಡ ಮನಸ್ಸಿನವನು ಎಂದು ಚನ್ನಬಸವಯ್ಯನವರು ಬಹಳ ಕಾಲ ಹೇಳಿಕೊಂಡು ತಿರುಗಿದರು.

ಶಶಾಂಕ್‌ಗೆ ಬಿಡದಿಯಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕೆಲಸ. ಊರಾದ ಕೂಟಗಲ್‌ನಲ್ಲಿ ಹಿಪ್ಪುನೇರಳೆ ತೋಟ, ಮನೆಯ ಹಿಂದೆ ರೇಷ್ಮೆ ಹುಳ ಸಾಕುವ ಕೊಟ್ಟಿಗೆ. ಊರವರ ಬಾಯಲ್ಲಿ ಅದು 'ಶಶಾಂಕನ ಬೆಳೆ'. ಬೆಳಕು ಹರಿಯುವ ಮುಂಚೆ ಸೊಪ್ಪು ಕೊಯ್ದು ಹೊರೆ ಹೊತ್ತು ತರುವವಳು ನೇತ್ರಾ. ಎಳೆ ಹುಳಕ್ಕೆ ಸಣ್ಣಗೆ ಹೆಚ್ಚಿ, ಬಲಿತ ಹುಳಕ್ಕೆ ಇಡೀ ಎಲೆ ಹಾಸಿ, ಹಿಕ್ಕೆ ತೆಗೆದು, ತಟ್ಟೆ ಬದಲಾಯಿಸುವವಳೂ ಅವಳೇ. ಅತ್ತೆ ರೇವಮ್ಮನಿಗೆ ಸೊಂಟ ನೋವು. ಕೂತಲ್ಲೇ ಆಗುವ ಕೆಲಸ ಅವರದು. ಕೊನೆಗೆ ಗೂಡು ಬಿಡಿಸಿ ಚೀಲಕ್ಕೆ ತುಂಬಿದ ಮೇಲೆ ಶಶಾಂಕ್ ರಜೆ ಹಾಕಿ, ಇಸ್ತ್ರಿ ಷರ್ಟು ತೊಟ್ಟು, ಬೈಕಿನ ಮೇಲೆ ಚೀಲ ಹೇರಿಕೊಂಡು ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗುತ್ತಿದ್ದ. ಅಲ್ಲಿ ಎಲ್ಲರಿಗೂ ಅವನ ಹೆಸರು ಗೊತ್ತಿತ್ತು. 'ಒಳ್ಳೆ ಬೆಳೆಗಾರ' ಎಂದು ಹೊಗಳುತ್ತಿದ್ದರು.

ಕೊಟ್ಟಿಗೆಯ ಕಿಟಕಿಯ ಮೇಲೆ ನೇತ್ರಾಳ ಅಂಗೈ ಅಗಲದ ಅಯಸ್ಕಾಂತದ ಚೆಸ್ ಬೋರ್ಡ್ ಇರುತ್ತಿತ್ತು. ಒಂದು ಸಾಲಿನ ತಟ್ಟೆಗಳಿಗೆ ಸೊಪ್ಪು ಹಾಕಿ ಬಂದು ಬಿಳಿಯ ಕಡೆಯಿಂದ ಒಂದು ನಡೆ. ಇನ್ನೊಂದು ಸಾಲು ಮುಗಿಸಿ ಬಂದು ಕಪ್ಪಿನ ಕಡೆಯಿಂದ ಒಂದು. ಹುಳಗಳು ಸೊಪ್ಪು ತಿನ್ನುವ ಸದ್ದು, ಮಳೆ ಬಂದಂಥ ಸದ್ದು, ಬಿಟ್ಟರೆ ಅವಳ ಆಟಕ್ಕೆ ಬೇರೆ ಪ್ರೇಕ್ಷಕರಿರಲಿಲ್ಲ.

ರಾಮನಗರ ಹೊಸ ಜಿಲ್ಲೆಯಾದ ಮರುವರ್ಷ ಬೇಸಗೆಯಲ್ಲಿ ಜಿಲ್ಲಾ ಮಟ್ಟದ ಚೆಸ್ ಪಂದ್ಯ ಏರ್ಪಾಡಾಯಿತು. ಬಿಡದಿ ರಸ್ತೆಯಲ್ಲಿ ಕಾರ್ಖಾನೆ ಅಧಿಕಾರಿಗಳ ಮಕ್ಕಳಿಗೆಂದು ಎದ್ದಿದ್ದ ಹೊಸ ಶಾಲೆಯೊಂದು ಅದನ್ನು ನಡೆಸಿತು. ಮೊದಲ ಸ್ಥಾನ ಬಂದವರನ್ನು ತಮ್ಮ ಶಾಲೆಗೇ ಚೆಸ್ ಮೇಷ್ಟ್ರಾಗಿ ತೆಗೆದುಕೊಳ್ಳುತ್ತೇವೆ ಎಂದು ಕರಪತ್ರದಲ್ಲಿ ಅಚ್ಚು ಹಾಕಿಸಿತ್ತು. ನೇತ್ರಾ ಆ ಕರಪತ್ರವನ್ನು ಮಡಚಿ ಕೊಟ್ಟಿಗೆಯ ತೊಲೆಗೆ ಸಿಕ್ಕಿಸಿದಳು. ಬೆಳಿಗ್ಗೆ ಸೀರೆ ಉಟ್ಟು ಬಸ್ಸು ಹತ್ತುವುದು, ಯಾರೋ 'ಮಿಸ್' ಎಂದು ಕರೆಯುವುದು, ತಿಂಗಳ ಕೊನೆಗೆ ತನ್ನ ಹೆಸರಿನಲ್ಲೇ ಸಂಬಳ ಬರುವುದು. ಸೊಪ್ಪು ಹಾಕುವಾಗೆಲ್ಲ ಇದನ್ನೇ ಯೋಚಿಸಿದಳು.

ಕೊನೆಯ ಸುತ್ತು ಭಾನುವಾರ ಬಿತ್ತು. ಹುಳಗಳು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು ಭರ್ಜರಿಯಾಗಿ ತಿನ್ನುತ್ತಿದ್ದವು. ಅವು ಹಣ್ಣಾಗಿ ನೂಲು ಬಿಡಲು ಸಿದ್ಧವಾಗುವುದು ಸೋಮವಾರ ಎಂದು ಅವಳ ಅಂದಾಜು. ಆದರೆ ಸೆಖೆ ಹೆಚ್ಚಾದರೆ ಹುಳ ಯಾರ ಅಂದಾಜನ್ನೂ ಕೇಳುವುದಿಲ್ಲ. ಹಣ್ಣಾದ ಹುಳವನ್ನು ಆಗಿಂದಾಗಲೇ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಂಕಿಯ ಮೇಲೆ ಬಿಡಬೇಕು. ತಡವಾದರೆ ತಟ್ಟೆಯ ಹಿಕ್ಕೆಯಲ್ಲೇ ನೂಲು ಸುತ್ತಿಕೊಂಡು ಕೆಡುತ್ತವೆ. ಆದ್ದರಿಂದ ನೇತ್ರಾ ಮೊದಲೇ ಮುಯ್ಯಿ ಕೂಡಿಟ್ಟಿದ್ದಳು. ಪಕ್ಕದ ಮನೆಯ ಕೆಂಚಮ್ಮ ಮತ್ತು ಆ ಬೀದಿಯ ಹೆಂಗಸರ ಮನೆಗಳಲ್ಲಿ ಹುಳ ಹಣ್ಣಾದಾಗೆಲ್ಲ ಹೋಗಿ ದುಡಿದಿದ್ದಳು. ಮುಯ್ಯಾಳಿಗೆ ಕೂಲಿಯಿಲ್ಲ. ನೀನು ನನಗೆ ಬಂದೆ, ನಾನು ನಿನಗೆ ಬರುತ್ತೇನೆ, ಅಷ್ಟೆ. ಕೆಲಸ ಮಾಡಿಸಿಕೊಂಡ ಮನೆಯವರು ಊಟ ಹಾಕುತ್ತಾರೆ.

"ನೀ ಹೋಗವ್ವ, ಆಡ್ಬುಟ್ಟು ಬಾ. ಹುಳ ಒಂದಿನ ಮುಂಚೆ ಹಣ್ಣಾದ್ರೂ ನಾವಿದ್ದೀವಿ" ಎಂದಿದ್ದಳು ಕೆಂಚಮ್ಮ.

ಕೊನೆಯ ಸುತ್ತಿನಲ್ಲಿ ಎದುರಾಳಿ ಚನ್ನಪಟ್ಟಣದ ಮನೋಹರ್, ಇಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕುತ್ತಿದ್ದ ಹುಡುಗ. ಅವನು ಅರ್ಧ ಅಂಕ ಮುಂದಿದ್ದ. ಗೆದ್ದರೆ ನೇತ್ರಾ ಮೊದಲು. ಡ್ರಾ ಆದರೆ ಮನೋಹರ್. ಆಟ ಸಾಗುತ್ತ ಸಾಗುತ್ತ ಮಂತ್ರಿಗಳು ಹೋದವು, ಕುದುರೆಗಳು ಹೋದವು. ಇಬ್ಬರಿಗೂ ಒಂದೊಂದು ಆನೆ ಉಳಿಯಿತು. ನೇತ್ರಾಳಿಗೆ ಎರಡು ಕಾಲಾಳು ಹೆಚ್ಚು. ಅದರಲ್ಲಿ ಒಂದು, ಬೆನ್ನಿಗೆ ಆನೆಯನ್ನು ಇಟ್ಟುಕೊಂಡು, ಮಂತ್ರಿಯಾಗುವ ಮನೆಯತ್ತ ಹೊರಟಿತ್ತು. ಮನೋಹರನ ರಾಜ ಅಷ್ಟು ದೂರ ಬಂದು ತಡೆಯುವಂತಿರಲಿಲ್ಲ. ಅವನ ಕಿವಿ ಕೆಂಪಾಗಿದ್ದವು.

ಆಗ ತೀರ್ಪುಗಾರ ಅನಂತರಾಜು ಮೇಷ್ಟ್ರು ಅವಳ ಮೇಜಿಗೆ ಬಂದು ಬಗ್ಗಿದರು. ಆಟಗಾರರ ಮೊಬೈಲುಗಳನ್ನೆಲ್ಲ ಬಾಗಿಲಲ್ಲೇ ಇಸಿದುಕೊಂಡಿದ್ದರು. ಶಶಾಂಕ್ ಕರಪತ್ರದಲ್ಲಿದ್ದ ಮೇಷ್ಟ್ರ ನಂಬರಿಗೇ ಫೋನ್ ಮಾಡಿದ್ದ.

"ನಿಮ್ಮೆಜಮಾನ್ರು ಕಣಮ್ಮ. ಹುಳ ಹಣ್ಣಾಗ್ಬುಟ್ಟವಂತೆ. ತಕ್ಷಣ ಬರ್ಬೇಕಂತೆ."

"ಕೆಂಚಮ್ಮನೋರು ಬಂದಿಲ್ವಂತಾ ಸಾರ್?"

"ಅದೇನೂ ಹೇಳ್ಲಿಲ್ಲ. ಬರಾಕೇಳಿ ಅಂದು ಇಟ್ಬುಟ್ರು."

"ಒಂದು ಫೋನ್ ಮಾಡಿ ಕೇಳ್ಬೋದಾ?"

"ಆಟ ನಡೀವಾಗ ಆಗಾಕಿಲ್ಲಮ್ಮ. ರೂಲ್ಸು."

ಭಾನುವಾರವಾದ್ದರಿಂದ ಶಶಾಂಕ್ ಇಡೀ ದಿನ ಮನೆಯಲ್ಲೇ ಇದ್ದ. ಅಂಥವನೇ ಫೋನ್ ಮಾಡಿದ್ದಾನೆ ಎಂದರೆ ಮುಯ್ಯಾಳುಗಳು ಕೈ ಕೊಟ್ಟಿದ್ದಾರೆ, ಹುಳ ತಟ್ಟೆಯಲ್ಲೇ ನೂಲು ಬಿಡುತ್ತಿವೆ ಎಂದೇ ನೇತ್ರಾ ತಿಳಿದಳು. ಹುಳ ಸಾಕಿದ ಯಾರಾದರೂ ಹಾಗೆಯೇ ತಿಳಿಯುತ್ತಿದ್ದರು. ಕಾಲಾಳು ಮಂತ್ರಿಯಾಗಿ, ರಾಜನನ್ನು ಕಟ್ಟಿಹಾಕುವವರೆಗೆ ಮನೋಹರ್ ಹಿಡಿದು ಕೂರುತ್ತಾನೆ. ಅಷ್ಟರೊಳಗೆ ಬಸ್ಸು ತಪ್ಪುತ್ತದೆ. ಅವಳು ಒಂದು ನಡೆ ನಡೆಸಿ, ಕೈ ಚಾಚಿ, "ಡ್ರಾ?" ಎಂದಳು.

ಮನೋಹರ್ ಅವಳ ಮುಖ ನೋಡಿದ, ಬೋರ್ಡ್ ನೋಡಿದ, ಮೇಷ್ಟ್ರನ್ನು ನೋಡಿದ. ಆಮೇಲೆ ಬೇಗ ಕೈ ಕುಲುಕಿದ.

ಬಸ್ಸಿಳಿದು ಓಡುತ್ತ ಕೊಟ್ಟಿಗೆಗೆ ಬಂದರೆ ಚಂದ್ರಂಕಿಗಳೆಲ್ಲ ತುಂಬಿ ಸಾಲಾಗಿ ನಿಂತಿದ್ದವು. ತಟ್ಟೆಗಳನ್ನು ತೊಳೆದು ಗೋಡೆಗೆ ಒರಗಿಸಿತ್ತು. ಕೆಂಚಮ್ಮ ಮತ್ತು ಹೆಂಗಸರು ಕೈಕಾಲು ತೊಳೆದು ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಶಶಾಂಕ್ ಬಾಗಿಲಲ್ಲಿ ನಿಂತಿದ್ದ.

"ಹುಳ?" ಎಂದಳು, ಏದುಸಿರಿನಲ್ಲಿ.

"ಹುಳ ಆಯ್ತಲ್ಲ. ಹೊತ್ತೆಷ್ಟಾಯ್ತು ನೋಡು. ಅವ್ವ ಬೇರೆ ಕೆಂಪಾಪುರದ ಗೃಹಪ್ರವೇಶಕ್ಕೆ ಹೋಗೈತೆ. ಮುಯ್ಯಾಳ್ಗೆ ಅಡ್ಗೆ ಮಾಡೋರು ಯಾರು?"

ನೇತ್ರಾ ಪಂದ್ಯಕ್ಕೆಂದು ಉಟ್ಟಿದ್ದ ಸೀರೆಯ ಸೆರಗನ್ನೇ ಸೊಂಟಕ್ಕೆ ಸಿಕ್ಕಿಸಿ ಎಸರಿಟ್ಟಳು. ಮುದ್ದೆ, ಉಪ್ಸಾರು, ಅನ್ನ. ಬಡಿಸುವಾಗ ಕೆಂಚಮ್ಮ ಏನೋ ಹೇಳಲು ಬಾಯಿ ತೆರೆದಳು. ಪಕ್ಕದಲ್ಲಿ ಶಶಾಂಕ್ ಉಣ್ಣಲು ಕೂತಿದ್ದ, ಸುಮ್ಮನಾದಳು.

ಮನೋಹರನಿಗೆ ಶಾಲೆಯಲ್ಲಿ ಕೆಲಸವಾಯಿತು.

ಕೆಲವು ದಿನಗಳಾದ ಮೇಲೆ ಅವನೇ ಆ ಆಟದ ನಡೆಗಳನ್ನೆಲ್ಲ ಜಿಲ್ಲೆಯ ಚೆಸ್ ಬಳಗದ ಆರ್ಕುಟ್ ಪುಟದಲ್ಲಿ ಹಾಕಿದ. 'ಸೋಲುವ ಸ್ಥಿತಿಯಲ್ಲೂ ಒತ್ತಡ ಹೇರಿದೆ. ಎದುರಾಳಿ ಧೈರ್ಯ ಕಳೆದುಕೊಂಡರು' ಎಂದು ಬರೆದ. ಯಾರೋ ಆಟವನ್ನು ಕಂಪ್ಯೂಟರಿಗೆ ತುಂಬಿಸಿದರು. ನೇತ್ರಾ ಆಡಿದ್ದ ಬಿಳಿಗೆ ಪೂರ್ತಿ ಗೆಲುವು ಎಂದು ಅದು ಹೇಳಿತು. ಡ್ರಾ ಕೇಳಿದ ನಡೆಯ ಪಕ್ಕ, ದೊಡ್ಡ ತಪ್ಪು ಎಂಬ ಗುರುತಿಗೆ, ಎರಡು ಪ್ರಶ್ನಾರ್ಥಕ ಚಿಹ್ನೆ ಬಿದ್ದವು. ಸಮಯ ಸಾಲದೆ ಹಾಗೆ ಮಾಡಿರಬಹುದು ಎಂದ ಒಬ್ಬ. ಇಲ್ಲ, ಗಡಿಯಾರದಲ್ಲಿ ಬೇಕಾದಷ್ಟು ಸಮಯವಿತ್ತು ಎಂದ ಮನೋಹರ್. ಹಾಗಾದರೆ ಲೆಕ್ಕ ತಪ್ಪಿದ್ದು. ಹೆಂಗಸರಿಗೆ ಗೆಲ್ಲಲು ಭಯ. ಆಟದ ಕೊನೆಯಲ್ಲಿ ತಾಳ್ಮೆ ಬೇಕು, ಅವರಲ್ಲಿ ಅದು ಇರುವುದಿಲ್ಲ. ಹೀಗೆ ಪುಟ ಬೆಳೆಯಿತು. ಅನಂತರಾಜು ಮೇಷ್ಟ್ರೂ ಆ ಬಳಗದಲ್ಲಿದ್ದರು. 'ಒಳ್ಳೆಯ ವಿಶ್ಲೇಷಣೆ' ಎಂದು ಬರೆದು ಹೋದರು.

ಈ ಸುದ್ದಿಯನ್ನು ಮನೆಗೆ ತಂದವನು ಶಶಾಂಕ್. ಕಾರ್ಖಾನೆಯ ಆಫೀಸಿನಲ್ಲಿ ಯಾರೋ ತೋರಿಸಿದ್ದರಂತೆ. ಬೂಟು ಬಿಚ್ಚುವ ಮುಂಚೆಯೇ ಶುರು ಮಾಡಿದ.

"ಏನೇ, ಕಂಪ್ಯೂಟ್ರೇ ಹೇಳೈತೆ, ನೀನೇ ಗೆಲ್ತಿದ್ದೆ ಅಂತ. ಕೈಗೆ ಬಂದಿದ್ದ ಕೆಲ್ಸ ಬುಟ್‌ಕೊಟ್ಟು ಬಂದಿದ್ದೀಯಲ್ಲ! ಒಸೀನಾದ್ರೂ ಬುದ್ಧಿ ಬ್ಯಾಡ್ವಾ? ಎಲ್ಲಾರೂ ನಗ್ತಾವ್ರೆ. ನಿನ್ ಹೆಂಡ್ತಿನಾ ಅಂತ ಕೇಳಿದ್ರೆ ನಾನೇನ್ ಹೇಳ್ಲಿ?"

"ನೀವು ಫೋನ್ ಮಾಡಿದ್ರಲ್ಲ" ಎಂದಳು ನೇತ್ರಾ.

"ನಾನ್ ಬಾ ಅಂದೆ. ಸೋತ್ಕೊಂಡ್ ಬಾ ಅಂದ್ನಾ? ಗೆದ್ಬುಟ್ಟು ಬರ್ಬೇಕಿತ್ತು."

ಗುರುವಾರ ಸಂತೆಯ ನೆಪದಲ್ಲಿ ನೇತ್ರಾ ರಾಮನಗರಕ್ಕೆ ಹೋದಳು. ಬಸ್‌ಸ್ಟ್ಯಾಂಡ್ ಹತ್ತಿರದ ಸೈಬರ್ ಅಂಗಡಿಯ ನಿಯಾಜ್ ಅವಳಿಗೆ ಆ ಪುಟ ತೆಗೆದುಕೊಟ್ಟ. ಅವಳು ಮೊದಲಿಂದ ಕೊನೆಯವರೆಗೂ ಓದಿದಳು. ಕಂಪ್ಯೂಟರ್ ಕೊಟ್ಟಿದ್ದ ಗೆಲುವಿನ ನಡೆಗಳು ಅವಳು ಅಂದು ಯೋಚಿಸಿಟ್ಟಿದ್ದವೇ. ಸುಮ್ಮನೆ ಎದ್ದು ಬರಬಹುದಿತ್ತು. "ನಂದೂ ಒಂದು ಬರ್ಕೊಡಪ್ಪ" ಎಂದು ನಿಯಾಜ್‌ನಿಂದ ಟೈಪು ಮಾಡಿಸಿದಳು:

'ಈ ಆಟ ಆಡಿದವಳು ನಾನು. ನನಗೆ ಭಯವಾಗಿರಲಿಲ್ಲ, ಲೆಕ್ಕವೂ ತಪ್ಪಿರಲಿಲ್ಲ. ಮನೆಯಲ್ಲಿ ಹುಳ ಹಣ್ಣಾಗಿವೆ ಎಂದು ಮೇಜಿನ ಹತ್ತಿರವೇ ಬಂದು ಹೇಳಿದರು. ಮನೋಹರ್ ಅದನ್ನು ಕೇಳಿಸಿಕೊಂಡಿದ್ದಾರೆ. ಹೇಳಿದವರು ಅನಂತರಾಜು ಮೇಷ್ಟ್ರು. ಹೋಗಿ ನೋಡಿದರೆ ಅಡಿಗೆ ಮಾಡಲು ಕರೆದಿದ್ದರು.'

ಸ್ವಲ್ಪ ಹೊತ್ತು ಅಲ್ಲೇ ಕಾದಳು. ಮೊದಲ ಉತ್ತರ ಬಂತು: 'ಹಹ್ಹಹ್ಹಾ! ಏನು ಅಡಿಗೆ ಮೇಡಂ?' ಇನ್ನೊಬ್ಬ, 'ಸೋತವರಿಗೆಲ್ಲ ಒಂದೊಂದು ಕಾರಣ ಇರುತ್ತೆ' ಎಂದ. ಆಮೇಲೆ ಅವಳು ಬರೆದದ್ದೇ ಅಲ್ಲಿರಲಿಲ್ಲ. ಅದರ ಜಾಗದಲ್ಲಿ ಬಳಗ ನಡೆಸುವವನ ಒಂದು ಸಾಲು: 'ದಯವಿಟ್ಟು ಇಲ್ಲಿ ಆಟದ ವಿಷಯ ಮಾತ್ರ ಚರ್ಚಿಸಿ.'

"ತೆಗ್ದ್‌ಬುಟ್ರು ಅಕ್ಕ" ಎಂದ ನಿಯಾಜ್, ಪರದೆಯಿಂದ ಕಣ್ಣು ತೆಗೆಯದೆ. "ಇನ್ನೊಂದ್ಸಲ ಹಾಕ್ಲಾ?"

"ಬ್ಯಾಡ ಬುಡಪ್ಪ."

ಮುಂದಿನ ಬೆಳೆಗೆ ಕೆಂಚಮ್ಮನ ಮನೆಯ ಹುಳ ಹಣ್ಣಾದವು. ಮುಯ್ಯಿ ತೀರಿಸಲು ನೇತ್ರಾ ಹೋದಳು. ಎಲ್ಲರೂ ಬಗ್ಗಿ ಹುಳ ಆರಿಸುತ್ತಿದ್ದಾಗ ಕೆಂಚಮ್ಮ ಕೇಳಿದಳು, "ಅವತ್ತು ನಿನ್ನಾಟ ಏನಾಯ್ತು ಕಣವ್ವ? ಕೇಳಾಕೇ ಆಗಿರ್ಲಿಲ್ಲ."

ಇಷ್ಟು ದಿನದಲ್ಲಿ ಅದನ್ನು ಕೇಳಿದವಳು ಅವಳೊಬ್ಬಳೇ.

"ಗೆಲ್ತಿದ್ದೆ ಅಕ್ಕ. ನಿಮ್ಗೆ ಅಡ್ಗೆ ಆಗ್ಬೇಕಿತ್ತಲ್ಲ, ಬುಟ್ಬುಟ್ಟು ಬಂದೆ."

ಕೆಂಚಮ್ಮನ ಕೈ ನಿಂತಿತು. "ನಮ್ಗಾ? ನಾವ್ ಬ್ಯಾಡ ಅಂದ್ವಲ್ಲವ್ವ! ಹುಡ್ಗಿ ಆಡ್ತಾ ಅವ್ಳೆ, ಇನ್ನೊಂದಿನ ಉಂಡ್ರಾಯ್ತು, ಮನೆಗೋಗ್ತೀವಿ ಅಂತ ಎದ್ವಿ. ನಿನ್ ಗಂಡನೇ ಕೂರ್ಸಿದ್ದು. ಮುಯ್ಯಾಳು ಉಣ್ದಂಗೆ ಹೋದ್ರೆ ಮನೆ ಮರ್ವಾದೆ ಹೋಗ್ತದೆ ಅಂದ."

"ಮರ್ವಾದೆ ಎಲ್ಲೀದು?" ಎಂದಳು ಆಚೆ ಸಾಲಿನಲ್ಲಿದ್ದ ಪುಟ್ಟಿ, ಆ ಬೀದಿಯ ಇನ್ನೊಬ್ಬ ಸೊಸೆ. "ಆವಯ್ಯಂಗೆ ಹಸ್ವಾಗಿತ್ತು. ಒಳೀಕೋಗಿ ಪಾತ್ರೆ ಎಲ್ಲಾ ಮುಚ್ಚಳ ತೆಗ್ದು ತೆಗ್ದು ನೋಡ್ತಿದ್ದ, ನಾನೇ ಕಂಡಿದ್ದೀನಿ."

ಹೆಂಗಸರು ಗೊಳ್ಳೆಂದು ನಕ್ಕರು. ನೇತ್ರಾ ಕೂಡ ನಕ್ಕಳು. ಆಮೇಲೆ ಹುಳ ಆರಿಸುವುದನ್ನು ಮುಂದುವರಿಸಿದಳು. ಕೆಂಚಮ್ಮ ಹಾಕಿದ ಊಟವನ್ನು ಉಂಡು ಮನೆಗೆ ಬಂದಳು.

ಸಂಜೆ ಶಶಾಂಕ್ ಡ್ಯೂಟಿ ಮುಗಿಸಿ ಬಂದಾಗ ನಡುಮನೆಯಲ್ಲಿ ದೊಡ್ಡ ಬೋರ್ಡ್ ಹಾಸಿತ್ತು. ಅದರ ಮೇಲೆ ಎರಡು ರಾಜ, ಎರಡು ಆನೆ, ಕೆಲವು ಕಾಲಾಳು. ನೇತ್ರಾ ಬಿಳಿಯ ಕಡೆ ಕೂತಿದ್ದಳು.

"ಇದೇ ಆ ಆಟ" ಎಂದಳು. "ಕೂತ್ಕೊಳ್ಳಿ. ನೀವು ಕಪ್ಪು ಆಡಿ. ನಾನು ಗೆದ್ಬುಟ್ಟು ಬತ್ತೀನಿ."

"ಹುಚ್ಚೇನೇ ನಿಂಗೆ? ಊಟಕ್ಕೇನ್ ಮಾಡಿದ್ದೀಯ?"

"ಇದು ಮುಗೀಲಿ."

"ಹೊಟ್ಟೆ ಹಸೀತೈತೆ ಕಣೇ."

"ಅವತ್ತೂ ಹಸಿದಿತ್ತಂತಲ್ಲ."

ಶಶಾಂಕ್ ಅವಳನ್ನು ದಿಟ್ಟಿಸಿದ. ಅವಳು ಬೋರ್ಡಿನಿಂದ ತಲೆ ಎತ್ತಲಿಲ್ಲ. ಕಪ್ಪಿನ ಆನೆಯನ್ನು ತಾನೇ ಸರಿಸಿ, ಕಾಲಾಳನ್ನು ಒಂದು ಮನೆ ಮುಂದೆ ನೂಕಿದಳು. ಅವನು ಏನೋ ಗೊಣಗುತ್ತ ಕೈಕಾಲು ತೊಳೆಯಲು ಹಿತ್ತಲಿಗೆ ಹೋದ.

ಮೂಲೆಯಲ್ಲಿ ಕೂತಿದ್ದ ರೇವಮ್ಮ ಮಗ ಹೋದ ದಿಕ್ಕನ್ನೂ ಸೊಸೆಯನ್ನೂ ನೋಡಿದರು. ಆಮೇಲೆ ಗೋಡೆ ಹಿಡಿದುಕೊಂಡು, "ಶಿವನೇ" ಎಂದು ಎದ್ದು ನಿಂತರು.

"ಅತ್ತೆ, ಬ್ಯಾಡಿ, ಕೂತ್ಕೊಳ್ಳಿ" ಎಂದಳು ನೇತ್ರಾ.

"ನೀ ಆಡವ್ವ. ನಂದೇನೈತೆ" ಎಂದು ರೇವಮ್ಮ ಸೊಂಟಕ್ಕೆ ಕೈ ಕೊಟ್ಟುಕೊಂಡು ಅಡಿಗೆಮನೆಗೆ ನಡೆದರು. ಪಾತ್ರೆಯ ಸದ್ದಾಯಿತು. ನೀರು ಬಗ್ಗಿಸಿದ ಸದ್ದಾಯಿತು. ನೇತ್ರಾ ಕಾಲಾಳನ್ನು ಕೊನೆಯ ಮನೆಗೆ ದಾಟಿಸಿ, ಅದನ್ನು ತೆಗೆದು ಅಲ್ಲಿ ಮಂತ್ರಿಯನ್ನಿಟ್ಟಳು. ಇನ್ನೂ ಕೆಲವು ನಡೆಗಳಲ್ಲಿ ಕಪ್ಪು ರಾಜನನ್ನು ಕಟ್ಟಿಹಾಕಿದಳು. ಅದನ್ನು ನೋಡಲು ಎದುರಿಗೆ ಯಾರೂ ಇರಲಿಲ್ಲ.

ಒಳಗೆ ಶಶಾಂಕ್ ಊಟಕ್ಕೆ ಕೂತಿದ್ದ.

"ಅವ್ವ, ಒಸಿ ಉಪ್ಪು ಕಮ್ಮಿ ಆಗೈತೆ" ಎಂದ.