ದೊಡ್ಡ ಹೋಟೆಲಿನಲ್ಲಿ ತಟ್ಟೆ ತೊಳೆದು ಕುಡಿದೆ

ಉಂಡು ಮುಗಿಸಿ ತಟ್ಟೆಗೆ ನೀರು ಹಾಕಿದೆ, ಬೆರಳಲ್ಲಿ ತೊಳೆದು ಎತ್ತಿ ಕುಡಿದೇಬಿಟ್ಟೆ. ಇಳಿಸಿ ನೋಡಿದರೆ ಮೇಜಿನ ಸುತ್ತ ಎಲ್ಲರ ಕೈಯೂ ನಿಂತಿತ್ತು. ಮೊಮ್ಮಗಳು ಪವಿತ್ರಳ ಮುಖ ಬಿಳುಚಿಕೊಂಡಿತ್ತು.

ಅವಳು ಮೆಚ್ಚಿದ ಹುಡುಗನ ಮನೆಯವರ ಜೊತೆ ನಮ್ಮದು ಅದೇ ಮೊದಲ ಊಟ. ಅವರು ಸಕಲೇಶಪುರದ ಕ್ರೈಸ್ತರು, ನಾವು ಆಲೂರಿನ ಲಿಂಗಾಯತರು. ಅವರಿಗೆ ಮೀನು ಬೇಕು, ನನಗೆ ಅದರ ಸೌಟೂ ತಾಗಬಾರದು. ಎರಡು ಬೇರೆ ಬೇರೆ ಅಡುಗೆಮನೆ ಇರುವ ಒಳ್ಳೆಯ ಹೋಟೆಲು ಹುಡುಕಲು ಪವಿತ್ರ ಒಂದು ತಿಂಗಳು ಅಲೆದಿದ್ದಳು. ಅಷ್ಟು ಮಾಡಿಯೂ ಸಂಬಂಧ ನನ್ನಿಂದಲೇ ಕೆಟ್ಟಿತು ಅಂದುಕೊಂಡೆ. ಆದರೆ ನಮ್ಮಲ್ಲಿ ಊಟವೆಂದರೆ ಪ್ರಸಾದ. ತಟ್ಟೆಯಲ್ಲಿ ಬಿಟ್ಟು ಏಳುವ ಅಭ್ಯಾಸ ನನಗಿಲ್ಲ.

"ಇಲ್ಲಿ ಹಂಗೆಲ್ಲ ಮಾಡ್ಬಾರ್ದು ಕಣಜ್ಜಿ," ಎಂದು ಪವಿತ್ರ ಪಿಸುಗುಟ್ಟಿದಳು.

"ಉಂಡೋಳು ನಾನು, ತೊಳ್ದೋಳೂ ನಾನೇ. ಬೇರೆಯವ್ರ ತಟ್ಟೆ ಮುಟ್ಟಿದ್ನಾ?" ಎಂದೆ.

ಹುಡುಗನ ತಾಯಿ ನಕ್ಕುಬಿಟ್ಟರು. "ನಮ್ಮಮ್ಮನೂ ಗಂಜಿ ಉಂಡು ಹಿಂಗೇ ಕುಡೀತಿದ್ರು ಮಾರಾಯ್ತಿ. ನಾವು ಒಂದಗುಳು ಬಿಟ್ರೆ ಬೆನ್ನಿಗೆ ಬೀಳ್ತಿತ್ತು. ಪವಿತ್ರಾ, ನಿಮ್ಮಜ್ಜಿಗೂ ನಂಗೂ ಹೊಂದ್ತದೆ. ನಿಮ್ಮಿಬ್ರ ಕತೆ ಆಮೇಲೆ ನೋಡುವ," ಎಂದರು. ಆಗ ನನಗೆ ಉಸಿರು ಬಂತು. ಪವಿತ್ರ ಅಳುತ್ತಲೇ ನಕ್ಕಳು.

ಮುಂದಿನ ಊಟಕ್ಕೆ ಅವರೇ ನಮ್ಮ ಮನೆಗೆ ಬರುತ್ತಾರಂತೆ. ಹೋಟೆಲು ಹುಡುಕುವ ಕಷ್ಟ ತಪ್ಪಿತು. ಮೀನು ಸಿಗುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದೇನೆ.